ಸೈಗಾನಿನಲ್ಲಿ ವಿಮಾನದಿಂದ ಬಂದ ಟೀವಿ

...ಅದಕ್ಕೇ ಹೇಳಿದ್ದು, ಆ ಪೆಟ್ಟಿಗೆ ಮುಂದೆ ಬಾಯ್ ಬಿಟ್ಕೊಂಡು ಕೂತ್ಕೋಬೇಡಿ ಅಂತ. ಏನಮ್ಮಾ ನಗ್ತೀಯ? ನಿಮ್ಮಪ್ಪ ಹುಟ್ಟೋಕ್ ಮುಂಚೇನೇ ಟೀವಿ ನೋಡ್ದೋನು ಕಣೇ ನಾನು. ಬೆಂಗಳೂರಲ್ಲೂ ಇರ್ಲಿಲ್ಲ ಆಗ. ವಿಯೆಟ್ನಾಮಲ್ಲಿ, ಸೈಗಾನಲ್ಲಿ. ನಾನು ಮಿಲ್ಟ್ರೀಲಿ ಡ್ರೈವರು. ಅಲ್ಲಿ ಯುದ್ಧ ನಿಂತೈತಾ ಇಲ್ವಾ ಅಂತ ನೋಡಕ್ಕೆ ನಮ್ಮ ದೇಶದ ಆಫೀಸರ್‌ಗಳನ್ನ ಕಳ್ಸಿದ್ರು, ಅವ್ರ ಜೀಪು ಓಡ್ಸಕ್ಕೆ ನಾನು. ಯುದ್ಧ ಎಲ್ಲಿ ನಿಂತಿತ್ತು, ನಮ್ ಜೀಪೇ ನಿಂತಿತ್ತು! ಇಲ್ಲಿ ನಮ್ಮೂರು ನಗರಗೆರೇಲಿ ರಾಗಿ ಇಲ್ದೆ ನಮ್ಮಮ್ಮ ಅಮೆರಿಕದ ಕೆಂಪು ಜೋಳಕ್ಕೆ ಕ್ಯೂ ನಿಲ್ತಿದ್ಳು, ನಾನಲ್ಲಿ ಅದೇ ಅಮೆರಿಕದೋರು ಇಟ್ಟ ಟೀವಿ ನೋಡ್ತಿದ್ದೆ. ಥೂ.

ಟೀವಿ ಅಂದ್ರೆ ಹೆಂಗೆ ಗೊತ್ತಾ? ಟವರ್ರು ಇನ್ನೂ ಕಟ್ಟಿರ್ಲಿಲ್ಲ. ಸಾಯಂಕಾಲ ಆದ್ರೆ ಒಂದು ದೊಡ್ಡ ವಿಮಾನ ಮ್ಯಾಲಕ್ಕೋಗಿ ಗಾಣದೆತ್ತಿನಂಗೆ ಸುತ್ತೋದು, ಅದರೊಳಗಿಂದ ಚಿತ್ರ ಬರೋದು. ಎರಡೇ ಚಾನೆಲ್ಲು. ಒಂದು ಅಮೆರಿಕದ ಸಿಪಾಯಿಗಳಿಗೆ, ಒಂದು ಊರಿನ ಜನಕ್ಕೆ. ರಸ್ತೆ ಕೂಡೋ ಕಡೆ ಪೆಟ್ಟಿಗೆ ಇಟ್ಟಿದ್ರು, ಪುಗಸಟ್ಟೆ. ಮೊದಲು ಯಾವನೋ ದೊಡ್ಡ ಮನುಷ್ಯನ ಭಾಷಣ, ಅಲ್ಲ ಅಲ್ಲ, ಮೊದಲು ಸುದ್ದಿ, ಆಮೇಲೆ ಭಾಷಣ, ಕೊನೇಗೆ ನಮ್ ಬಯಲಾಟದಂಗೆ ಒಂದು ಹಾಡಿನ ನಾಟಕ. ಜನ ಬರೋರು ನಾಟಕಕ್ಕೆ, ಮಿಕ್ಕಿದ್ ಬೊಗಳೆ ಎಲ್ಲ ನುಂಗ್ಕೊಂಡು ಕೂತಿರ್ಬೇಕು. ಹಗಲೆಲ್ಲ ಹಳ್ಳಿಗಳ ಮ್ಯಾಲೆ ಆಕಾಶದಿಂದ ಬಾಂಬು, ಸಂಜೆ ಅದೇ ಆಕಾಶದಿಂದ ನಾಟಕ. ನಾಚಿಕೆಗೆಟ್ಟೋರು.

ಪೆಟ್ಟಿಗೆ ಪಕ್ಕದಲ್ಲೇ ಒಬ್ಬಾಕೆ ಟೀ ಮಾರೋಳು. ಹೆಸ್ರು ಲಾನ್, ನಾನು ಲಾನಮ್ಮ ಅನ್ನೋನು. ಸನ್ನೇಲಿ, ಅರ್ಧಂಬರ್ಧ ಇಂಗ್ಲಿಷಲ್ಲಿ ಮಾತು. ಒಬ್ನೇ ಮಗ, ಸಿಪಾಯಿ, ಸತ್ತೋದ ಅಂತ ಸುದ್ದಿ ಬಂದಿತ್ತು. ಹೆಣ ಬರ್ಲಿಲ್ಲ. ತಲೆಗೆ ಬಿಳೀ ಬಟ್ಟೆ ಕಟ್ಕೊಂಡೇ ಟೀ ಕಾಯಿಸೋಳು. ಸೂತಕಕ್ಕೆ ಅಲ್ಲಿ ಬಿಳೀ ಬಟ್ಟೆ ಕಟ್ತಾರೆ. ಒಂದಿನ ಸುದ್ದೀಲಿ ಅಲ್ಲಿನ ಸಿಪಾಯಿಗಳು ಅನ್ನ ಉಣ್ಣೋದು ತೋರ್ಸಿದ್ರು. ಅದರಲ್ಲೊಬ್ಬ ನಗ್ತಾ ನಗ್ತಾ ಕ್ಯಾಮೆರಾ ಕಡೆ ತಿರುಗ್ದ. ಈಕೆ ಕೈಲಿದ್ದ ಲೋಟ ಬಿಟ್ಳು. "ನನ್ನ ಮಗ! ನನ್ನ ಮಗ!" ತಲೇಗೆ ಕಟ್ಟಿದ್ ಬಟ್ಟೆ ಕಿತ್ತೆಸೆದ್ಳು. ಬಂದೋರಿಗೆಲ್ಲ ಕಾಸು ತಗೊಳ್ದೆ ಟೀ ಕೊಟ್ಳು. ನಂಗೂ ಅಳು ಬಂದ್ಬಿಡ್ತು ಕಣಪ್ಪಾ.

ಬೆಳಿಗ್ಗೆ ನನ್ನ ಜೀಪಿಗೆ ಅಡ್ಡ ನಿಂತ್ಳು. ಬೇರೆಯೋರ್ನ ಕೂರಿಸ್ಬಾರ್ದು ಅಂತ ರೂಲ್ಸು. ಆ ಮುಖ ನೋಡಿ ಹೆಂಗಮ್ಮಾ ಇಲ್ಲ ಅನ್ನೋದು? ಕೂರ್ಸ್ಕೊಂಡು ಟೀವಿಯೋರ ಆಫೀಸಿಗೇ ಹೋದೆ. ಇಸ್ತ್ರಿ ಬಟ್ಟೆಯೋನು ಒಬ್ಬ ಬಂದ, ಸೆಂಟು ಬಳ್ಕೊಂಡೋನು. ಈಕೆ ಹೇಳಿದ್ದೆಲ್ಲ ಕೇಳಿ ನನ್ ಕಡೆ ತಿರುಗಿ ಇಂಗ್ಲಿಷಲ್ಲಿ ಅಂದ, "ಅದು ಹಳೇ ಫಿಲಮ್ಮು. ಹುಡುಗ್ರು ಚೆನ್ನಾಗಿ ನಗ್ತಾರೆ ನೋಡಿ, ಅದಕ್ಕೇ ಮತ್ತೆ ಹಾಕಿದ್ವಿ."

ಚೆನ್ನಾಗಿ ನಗ್ತಾರಂತೆ! ಕೊರಳಪಟ್ಟಿ ಹಿಡಿಯೋಣ ಅಂತ ಕೈ ಎತ್ತಿದ್ದೆ. ಲಾನಮ್ಮನೇ ತಡೆದ್ಳು. ಅವನ ಮುಖ ನೋಡೇ ಅರ್ಥ ಆಗೋಗಿತ್ತು ಅವಳಿಗೆ. ವಾಪಸ್ ಕರ್ಕೊಂಡ್ ಬಂದೆ. ಅಂಗಡಿ ಹತ್ರ ಇಳಿದು ಒಲೆ ಹೊತ್ತಿಸಿದ್ಳು. ಅವತ್ತಿಂದ ಟೀವಿಗೆ ಬೆನ್ನು ಮಾಡ್ಕೊಂಡೇ ಕೂತ್ಕೊಳ್ಳೋಳು. ನಾಟಕ ಶುರುವಾದ್ರೂ ತಿರುಗ್ತಿರ್ಲಿಲ್ಲ.

ಜೀಪಿನ ವಿಷ್ಯ ಆಫೀಸರ್‌ಗೆ ಗೊತ್ತಾಗಿ ನನ್ನ ವಾಪಸ್ ಕಳ್ಸಿದ್ರು. ಕಳ್ಸಲಿ ಬಿಡು. ಊರಿಗೆ ಬಂದ್ರೆ ಇಲ್ಲಿನ ಬುದ್ಧಿವಂತರು ಬೇರೆ. "ಏಮಿರಾ, ವಿಮಾನಂಲೋ ಬೊಮ್ಮಲಾಟಾ?" ಅಂತ, ವಿಮಾನದಲ್ಲಿ ಬೊಂಬೆಯಾಟಾನಾ ಅಂತ ತೆಲುಗಲ್ಲಿ ಕೇಳಿ ಕಿಸಕ್ಕಂತ ನಗೋರು. ಕೆರೆ ಆಚೆಗೆ ಏನೈತೆ ಅಂತ ಗೊತ್ತಿಲ್ದೋರು!

ನಮ್ಮಮ್ಮ ಮಾತ್ರ ಏನೂ ಕೇಳ್ಲಿಲ್ಲ. ಬಾಗಿಲಲ್ಲೇ ನಿಲ್ಲಿಸ್ಕೊಂಡು ಕೆನ್ನೆ ಮುಟ್ಟಿದ್ಳು, ತೋಳು ಮುಟ್ಟಿದ್ಳು, ಬೆರಳೆಲ್ಲ ಒಂದೊಂದಾಗಿ ಹಿಡಿದು ನೋಡಿದ್ಳು. ಆಮೇಲೆ "ಉಂಡ್ಯೇನಪ್ಪಾ?" ಅಂದ್ಳು. ಅಷ್ಟೇ ಕಣ್ರೋ. ಮನುಷ್ಯ ಬದುಕವ್ನೆ ಅಂತ ತಿಳ್ಕೋಬೇಕಾದ್ರೆ ಹತ್ರ ಹೋಗಿ ಮುಟ್ಬೇಕು, ಉಂಡ್ಯಾ ಅಂತ ಕೇಳ್ಬೇಕು. ದೂರದಿಂದ ಕಾಣೋ ನಗು ಯಾರಿಗೆ ಬೇಕು?