ಹೊಸಿಲಲ್ಲಿ ಚಪ್ಪಲಿ ಇರಲಿಲ್ಲ

...ಇನ್ನೊಂದೇ ಚಮಚ, ಲಮ್ಯೈ ಅಕ್ಕ. ಗಂಜಿ ಆರಿಹೋಗ್ತಿದೆ. ಉಪ್ಪು ಮೊಟ್ಟೆ ಕಲಸಿದೀನಿ, ನಿಂಗಿಷ್ಟ ಅಂತ. ಬೇಡ ಬೇಡ, ಪಟ್ಟಿ ಮುಟ್ಬೇಡ... ಕೈ ತೆಗಿ. ಕಣ್ಣಿಗೆ ಮರಳು ಹಾಕಿ ಉಜ್ಜಿದ ಹಾಗಿದೆ, ಗೊತ್ತು. ಡಾಕ್ಟ್ರು ಮೂರು ದಿನ ಅಂದಿದಾರೆ. ಕಣ್ಣು ಬರುತ್ತೆ, ಬಂದೇ ಬರುತ್ತೆ.

ಯಾಕೆ ಮುಖ ತಿರುಗಿಸ್ತೀಯ? ನಾನು ನೊಯ್ನಾ, ಏಳು ವರ್ಷ ನಿನ್ನ ಪಕ್ಕ ನಿಂತು ಮಾವು ತೊಳೆದವಳು.

ಹತ್ತು ಗಂಟೆಗೆ ಯಜಮಾನ್ರು ಬರ್ತಾರೆ, ಲ್ಯಾಬಿನ ಮೇಡಮ್ಮನ್ನ ಕರ್ಕೊಂಡು. ಹಣ್ಣಿನ ಕೋಣೆಯೊಳಗೆ ಜನ ಇದ್ದಾಗ ಆ ಯುವಿ ದೀಪ ಹಾಕಿದ್ದು ಯಾರು ಅಂತ ಕೇಳ್ತಾರೆ. ಹಾಕಿದ್ದು ನಾನೇ, ಇಲ್ಲ ಅನ್ನಲ್ಲ. ಆದ್ರೆ ಮೊದಲು ಚಪ್ಪಲಿ ಇದೆಯಾ ಅಂತ ನೋಡ್ದೆ ಅಕ್ಕ. ಒಳಗೆ ಹೋಗೋರು ಹೆಸರು ಬರೀಲಿ ಅಂತ ಮೇಡಂ ಬೋರ್ಡು ಹಾಕಿಸಿದಾರೆ, ಯಾರು ನೋಡ್ತಾರೆ ಅದನ್ನ. ಹೊಸಿಲಲ್ಲಿ ಚಪ್ಪಲಿ ಇದ್ರೆ ಒಳಗೆ ಜನ, ಇಲ್ಲಾಂದ್ರೆ ಇಲ್ಲ. ಯಾವತ್ತೂ ಹಾಗೇ ಅಲ್ವಾ ನಾವು? ಬಗ್ಗಿ ನೋಡ್ದೆ. ಖಾಲಿ. ಅಗಳಿ ಹಾಕ್ದೆ, ಸ್ವಿಚ್ ಒತ್ತಿದೆ. ನೀನು ಬಾಗಿಲು ಬಡಿದಿದ್ದು ಫ್ಯಾನ್ ಸದ್ದಲ್ಲಿ ಕೇಳಿಸ್ಲೇ ಇಲ್ಲ... ಹನ್ನೆರಡು ನಿಮಿಷ.

ಯಾಕೆ ನಗ್ತೀಯ? ಮೇಡಂ ಹೇಳಿದ್ದು ನೆನಪಾಯ್ತಾ? ಆ ಬೆಳಕು ಬಿದ್ರೆ ಕಿತ್ತ ಹಣ್ಣೂ ಬೆದರಿ, ಸಿಪ್ಪೆಯೊಳಗೆ ತನಗೆ ತಾನೇ ಔಷಧಿ ಮಾಡ್ಕೊಳ್ಳುತ್ತಂತೆ. ಜಪಾನ್ ಮುಟ್ಟೋವರೆಗೂ ಕಪ್ಪು ಚುಕ್ಕೆ ಬರಲ್ಲವಂತೆ. ಬೆಳಕು ಬಿದ್ದ ಮಗ್ಗುಲಿಗೆ ಮಾತ್ರ ಆ ಗುಣ... ಅದಕ್ಕೇ ತಾನೇ ನೀನು ಹಣ್ಣು ತಿರುಗಿಸಿಡೋಕೆ ಒಳಗೆ ಹೋಗಿದ್ದು. ಹಣ್ಣಿಗಿರೋ ಆ ಶಕ್ತಿ ನಮ್ಮ ಕಣ್ಣಿಗಿಲ್ಲ ಅಕ್ಕ.

ಒಂದು ಮಾತು ಹೇಳಿಬಿಡು, ಸಾಕು. ಚಪ್ಪಲಿ ಹಾಕ್ಕೊಂಡೇ ಒಳಗೆ ಹೋಗಿದ್ದೆ ಅಂತ. ನಿನ್ನನ್ನ ಏನೂ ಮಾಡಲ್ಲ, ಪೆಟ್ಟು ತಿಂದವಳಿಗೆ ಯಾರು ಏನು ಮಾಡ್ತಾರೆ? ನನ್ನ ಮೇಲೆ ಪೊಲೀಸ್ ಕೇಸು ಅಂತಿದಾರೆ ಮೇಡಂ. ನನ್ನ ಮಗು ಇನ್ನೂ ಮೊಲೆ ಬಿಟ್ಟಿಲ್ಲ. ಭಯ ಆಗ್ತಿದೆ, ತುಂಬಾ ಭಯ ಆಗ್ತಿದೆ.

ಹೇಳ್ತೀಯ ತಾನೇ?... ಏನು ತಡಕ್ತಿದೀಯ ಕಾಲಲ್ಲಿ? ಚಪ್ಪಲಿನಾ? ಇಗೋ, ತಂದಿದೀನಿ, ಮಂಚದ ಕೆಳಗೇ ಇದೆ. ಎಲ್ಲಿ ಸಿಕ್ತು ಅಂದ್ರೆ... ಅಲ್ಲೇ... ನೀನು ಬರಿಗಾಲಲ್ಲಿ ಓಡಿ ಬಂದ್ಯಲ್ಲ, ಆಮೇಲೆ ನಾನು...

ಬೈಯಿ ಅಕ್ಕ. ಎರಡು ಬಾರಿಸು.

...ಕಕ್ಕಸಿಗೆ ಅವಸರ ಆಗಿತ್ತು. ಕಾಲಿಗೆ ಸಿಕ್ಕಿದ್ದು ಮೆಟ್ಟಿಕೊಂಡು ಹೋದೆ, ನಾವೆಲ್ಲ ಹೋಗ್ತೀವಲ್ಲ, ಹಾಗೆ. ವಾಪಸ್ ಬಂದು ಹೊಸಿಲು ನೋಡ್ದೆ. ಖಾಲಿ ಇತ್ತು, ಅದು ಸುಳ್ಳಲ್ಲ. ನಿನ್ನ ಚಪ್ಪಲಿ ನನ್ನ ಕಾಲಲ್ಲಿತ್ತು.