ಅಮ್ಮ ತೊಳೆದ ಟ್ಯಾಂಕು

ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ತಲೆ ನರೆತ ಅಕ್ಕ ತಮ್ಮ ಕೂತಿದ್ದರು. ಒಳಗೆ ಅವರ ತಾಯಿಗೆ ಪೊರೆ ತೆಗೆಯುತ್ತಿದ್ದರು. ನಾನು ಓದುವವನ ಹಾಗೆ ಪತ್ರಿಕೆ ಹಿಡಿದಿದ್ದೆ.

"ಅಕ್ಕಾ, ಅಮ್ಮ ನನ್ನ ಮಾಡೆಲ್ ಟ್ಯಾಂಕ್ ತೊಳೆದುಬಿಟ್ಟಿದ್ದಾಳೆ."

"ಯಾವುದು, ಅಪ್ಪ ಸೈನ್ಯದಲ್ಲಿ ಓಡಿಸ್ತಿದ್ದಂಥದ್ದಾ?"

"ಹೂಂ. ಬಣ್ಣ ಬಳಿದು, ಕೆಸರು ಮೆತ್ತಿ, ಯುದ್ಧದಿಂದ ಈಗ ಬಂದ ಹಾಗೆ ಮಾಡಿದ್ದೆ. ಹಲ್ಲುಜ್ಜೋ ಬ್ರಶ್ ತಗೊಂಡು, ಸೋಪು ಹಾಕಿ ಉಜ್ಜಿದ್ದಾಳೆ."

"ಅವಳಿಗೆ ಕಣ್ಣೇ ಕಾಣ್ತಿರ್ಲಿಲ್ವಲ್ಲೋ."

"ಬೆರಳಿಗೆ ಮಣ್ಣು ಸಿಕ್ತಂತೆ. ನಿಮ್ಮಪ್ಪ ಗಾಡೀನ ಯಾವತ್ತೂ ಇಷ್ಟು ಗಲೀಜಾಗಿ ಇಟ್ಟೋರಲ್ಲ ಅಂತ ನನಗೇ ಬೈದ್ಲು."

ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

"ನಗಬೇಡ. ಮೇಲಿನ ಮುಚ್ಚಳ ಮುಚ್ಚಿ ಗಟ್ಟಿಯಾಗಿ ಅಂಟಿಸಿದ್ದೆ. ಅದನ್ನೂ ಕಿತ್ತಿದ್ದಾಳೆ."

"ಅದ್ಯಾಕೆ?"

"ಒಳಗೆ ಅವರಿಗೆ ಸೆಕೆಯಾಗುತ್ತೆ ಅಂದ್ಲು."

ಅಕ್ಕನ ನಗು ನಿಂತಿತು.

"ಅಪ್ಪ ಹೋಗಿ ಎಷ್ಟು ವರ್ಷವಾಯ್ತೋ."

"ನಾನೂ ಅದನ್ನೇ ಹೇಳೋಕೆ ಹೋದೆ. ಬಿಟ್ಟು, ಕಿತ್ತಿದ್ದ ಮುಚ್ಚಳ ಎತ್ಕೊಂಡೆ."

"ಮುಚ್ಚಳ ಮತ್ತೆ ಅಂಟಿಸಿದ್ಯಾ?"

"ಅಂಟಿಸಿದೆ. ತೆರೆದೇ ಇರೋ ಹಾಗೆ."

ನರ್ಸ್ ಬಾಗಿಲಲ್ಲಿ ನಿಂತು ಕರೆದಳು. ಇಬ್ಬರೂ ಎದ್ದು ಒಳಗೆ ಹೋದರು.