ಅಜ್ಜಿ ಚೆಲ್ಲಿದ ಮಳೆ

2025ರ ಜುಲೈ 4, ಶುಕ್ರವಾರ, ಬೆಳಿಗ್ಗೆ 8 ಗಂಟೆ 12 ನಿಮಿಷ. ಕಾಪು ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಅಜ್ಜಿ, ಸಮವಸ್ತ್ರದ ಮೊಮ್ಮಗಳು ಗಾನವಿ. ಹುಡುಗಿಯ ತೊಡೆಯ ಮೇಲೆ ದಿನದಿನದ ಮಳೆ ಬರೆಯುವ ಪುಸ್ತಕ ತೆರೆದಿತ್ತು.

“ಅಂಗಳದ ಡಬ್ಬಿಯ ನೀರು ಚೆಲ್ಲಿದ್ದು ಯಾರು, ಅಜ್ಜಿ?”

“ನಾನೇ. ನೀರು ನಿಂತರೆ ಡೆಂಗ್ಯೂ ಸೊಳ್ಳೆ ಆಗ್ತದೆ ಅಂತ ಆಶಾ ಕಾರ್ಯಕರ್ತೆಯರು ಮೊನ್ನೆ ಹೇಳಿ ಹೋಗಲಿಲ್ವಾ?”

“ಅದು ಮಳೆ ಅಳೆಯುವ ಡಬ್ಬಿ! ಜೂನ್ ಒಂದರಿಂದ ಒಂದು ದಿನವೂ ತಪ್ಪಿಸಲಿಲ್ಲ. ಇವತ್ತು ಎಂತ ಬರೆಯುವುದು?”

“ಐವತ್ತು ಅಂತ ಬರಿ ಮಾರಾಯ್ತಿ. ಟೀಚರ್ ನಮ್ಮ ಅಂಗಳಕ್ಕೆ ಬಂದು ನೋಡ್ತಾರಾ?”

“ಸುಳ್ಳು ಬರೆಯುವುದಿಲ್ಲ. ಖಾಲಿ ಬಿಡ್ತೇನೆ.”

ಅಜ್ಜಿ ತನ್ನ ಬಲಗೈ ಬೆರಳು ನೋಡಿಕೊಂಡರು.

“ಚೆಲ್ಲುವ ಮೊದಲು ಬೆರಳು ಅದ್ದಿದ್ದೆ, ಮಗಾ.”

“ಎಂತಕ್ಕೆ?”

“ಅಭ್ಯಾಸ. ಅನ್ನಕ್ಕೆ ನೀರು ಇಡುವಾಗ ನೋಡುವುದಿಲ್ವಾ, ಹಾಗೆ. ಬೆರಳು ತಳಕ್ಕೆ ತಾಗಿದಾಗ ನೀರು ಸರೀ ಬೆರಳಿನ ಎರಡನೇ ಗೆರೆಗೆ ಇತ್ತು.”

“ಯಾವ ಬೆರಳು?”

“ಇದು, ತೋರುಬೆರಳು.”

“ನೆಟ್ಟಗೆ ಹಿಡಿಯಿರಿ. ಅಲ್ಲಾಡಿಸಬೇಡಿ.”

“ಅಬ್ಬಾ, ದರ್ಜಿಯವನೂ ಇಷ್ಟು ಗಲಾಟೆ ಮಾಡುವುದಿಲ್ಲ!”

ಹುಡುಗಿ ಸ್ಕೇಲಿನ ಸೊನ್ನೆಯನ್ನು ಅಜ್ಜಿಯ ಬೆರಳ ತುದಿಗೆ ಹೊಂದಿಸಿ, ಎರಡನೇ ಗೆರೆಯವರೆಗಿನ ಅಳತೆ ಎರಡು ಸಲ ಓದಿ, ಪುಸ್ತಕದಲ್ಲಿ ಬರೆದಳು. ಮುಂದೆ ‘ಅಜ್ಜಿಯ ಬೆರಳಿನಿಂದ’ ಎಂದೂ ಸೇರಿಸಿದಳು.

“ನನ್ನ ಹೆಸರೂ ಹಾಕಿದ್ದೀಯಾ?”

“ಹೆಸರಲ್ಲ, ಬೆರಳು ಮಾತ್ರ. ಬನ್ನಿ, ಬಸ್ ಬಂತು.”

ಇಬ್ಬರೂ ನಗುತ್ತಾ ಉಡುಪಿ ಬಸ್ಸು ಹತ್ತಿದರು. ಅವಳು ಬರೆದದ್ದು ನನಗೂ ಕಂಡಿತ್ತು: 46 ಮಿಲಿಮೀಟರ್.